ಹುಡುಗರ ರಿಜಿಸ್ಟ್ರಾರು ದೇವೀರಪ್ಪನವರು

ಶಿವನಿಯ ದೇವೀರಪ್ಪನವರು ಪುಣೆಯಲ್ಲಿ ಲಾ ಓದಿ, ಅಲ್ಲೇ ಬಹಳ ವರ್ಷ ಕಾನೂನು ಪಾಠ ಹೇಳಿದವರು. ಒಂದು ದಿನವೂ ಕೋರ್ಟಿನಲ್ಲಿ ವಾದ ಮಾಡಿದವರಲ್ಲ. ಕೇಸು ನಡೆಸದ ವಕೀಲ ಅಂತ ಊರಿನವರು ನಗುತ್ತಿದ್ದರು. ನಕ್ಕ ಮಹಾಶಯರಲ್ಲಿ ಒಬ್ಬನಾದರೂ ಅವರ ಪಾಠ ಕೇಳಿದ್ದನೇ? ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಕೇಳಿದ್ದೇನೆ.

ಆಮೇಲೆ ಪರಸ್ಥಳದ ಒಂದು ವಿಶ್ವವಿದ್ಯಾನಿಲಯದವರು ಅವರನ್ನು ಕರೆದು ರಿಜಿಸ್ಟ್ರಾರ್ ಮಾಡಿದರು. ಪರೀಕ್ಷೆ, ಪದವಿ, ನೇಮಕ ಎಲ್ಲ ಅವರ ಕೈಕೆಳಗೆ. ನಮ್ಮವರಿಗೆ ಇದು ತಿಳಿಯಬೇಕಲ್ಲ! ನಮ್ಮ ಸೀಮೆಯಲ್ಲಿ ರಿಜಿಸ್ಟ್ರಾರ್ ಎಂದರೆ ತರೀಕೆರೆಯಲ್ಲಿ ಕೂತು ಜಮೀನಿನ ಪತ್ರಕ್ಕೆ ಮೊಹರು ಹಾಕುವವನು, ಅಷ್ಟೇ.

ಆ ಬೇಸಿಗೆ ಅವರು ರಜಕ್ಕೆ ಬಂದಾಗ ಚನ್ನಬಸಪ್ಪ ಪತ್ರ ಹಿಡಿದು ಅವರ ಮನೆಗೆ ಬಂದ. ನನ್ನ ಅಕ್ಕ ತೀರ್ಥಮ್ಮನ ಭಾವ, ಅವಳ ಗಂಡನ ಅಣ್ಣ ಅವನು. ಅಕ್ಕನ ಗಂಡ ತೀರಿಹೋಗಿದ್ದ; ಬುಕ್ಕಾಂಬುಧಿ ಕೆರೆ ಕೆಳಗಿನ ತೆಂಗಿನ ತೋಟ ಅವಳ ಹೆಸರಿಗೆ ಬಂದಿತ್ತು. ಅದನ್ನು ಅಕ್ಕ ತನಗೆ ಬಿಟ್ಟುಕೊಟ್ಟ ಹಾಗೆ ಚನ್ನಬಸಪ್ಪ ಪತ್ರ ಬರೆಸಿದ್ದ. ಅಕ್ಕ ಸೆರಗು ಹೊದ್ದು ಹಿಂದೆ ನಿಂತಿದ್ದಳು. ನಾನು ಅವಳ ಬೆನ್ನಿಗೇ ಬಂದಿದ್ದೆ.

"ರಿಜಿಸ್ಟ್ರಾರು ನಮ್ಮೋನೇ ಆದ್ಮೇಲೆ ತರೀಕೆರೆಗ್ಯಾಕೆ ಅಲೀಬೇಕು? ಒಂದು ಮೊಹರು ಒತ್ಬಿಡಪ್ಪ."

"ನಾನು ಓದೋ ಹುಡುಗರ ರಿಜಿಸ್ಟ್ರಾರು ಕಣಣ್ಣ, ಭೂಮಿದಲ್ಲ," ಅಂದರು ದೇವೀರಪ್ಪನವರು.

"ಅಯ್ಯೋ ಪಾಪ! ಪಾಠ ಬಿಡಿಸಿ ಹುಡುಗರನ್ನ ಎಣಿಸೋಕೆ ಹಾಕಿದ್ರಾ?"

ನಾನು ಸಿಟ್ಟಿನಿಂದ ಎದ್ದೆ. "ಕೂತ್ಕೊಳ್ಳೋ!" ಅಂದರು ನನಗೆ. ಅಕ್ಕನನ್ನು ಅಡುಗೆಮನೆಗೆ ಕರೆದು, ತಮ್ಮ ತಾಯಿ ಶಂಕರಮ್ಮನ ಪಕ್ಕ ಕೂರಿಸಿದರು. ನಾನೂ ಹಿಂದೆಯೇ ಒಳಗೆ ಹೋಗಿ ಕೂತೆ.

"ತೋಟ ಕೊಡೋಕೆ ಮನಸ್ಸಿದೆಯೇನಮ್ಮಾ?"

"ಹೂಂ."

"ಇಟ್ಕೊಳ್ಳೋಕೆ?"

"ಹೂಂ."

ಶಂಕರಮ್ಮ ನಕ್ಕೇಬಿಟ್ಟರು. "ಭಾವ ಹೊರಗೆ ಕೂತವ್ನೆ ಕಣೋ. ಅವನ ಕಿವಿಗೆ ಬೀಳೋ ಹಂಗೆ ಇನ್ನೇನಂದಾಳು?"

ಅಕ್ಕನ ಕಣ್ಣು ತುಂಬಿತ್ತು. ದೇವೀರಪ್ಪನವರು ಅಡುಗೆಮನೆ ಬಾಗಿಲು ಹಾಕಿ, ಶಾಲು ಹೊದ್ದು ಮಣೆ ಮೇಲೆ ನೆಟ್ಟಗೆ ಕೂತರು. ಅದೇ ಅವರ ಕಾಲೇಜು.

"ನಾನೀಗ ತರೀಕೆರೆ ರಿಜಿಸ್ಟ್ರಾರು. ಒಪ್ಪಿ ಬರೆಸಿದ್ದೀಯಾ ಅಂತ ಕೇಳ್ತೀನಿ. ಕೇಳದೆ ಮೊಹರು ಹಾಕೋ ಹಂಗಿಲ್ಲ. ಭಾವನ ಮುಂದೆ ಮಾತಾಡಬೇಡ, ಬಿಡು. ಹೂಂ ಅನ್ನೋದಕ್ಕೆ ಮುಂಚೆ ಒಂದಕ್ಷರ ಸೇರಿಸು, ಸಾಕು. ಎಲ್ಲಿ, ಒಪ್ಪಿದ್ದೀಯಾ?"

"ಹೂಂ."

"ಫೇಲು! ಇನ್ನೊಂದ್ಸಲ."

ಶಂಕರಮ್ಮ ಅವಳ ಬೆನ್ನು ಸವರಿದರು. ಕೊನೆಗೆ ಬಂತು, ಇಲಿಮರಿಯ ದನಿಯಲ್ಲಿ: "ಊಹೂಂ."

ಮೂರನೇ ದಿನ ಪತ್ರಕ್ಕೆ ಮೊಹರು ಹಾಕಿಸಲು ಹೊರಟ ಚನ್ನಬಸಪ್ಪನ ಜೊತೆ, ಬೀರೂರಿನಲ್ಲಿ ರೈಲು ಬದಲಿಸಿ ಎಲ್ಲರೂ ತರೀಕೆರೆಗೆ ಹೋದೆವು. ದೇವೀರಪ್ಪನವರು ಕಚೇರಿಯೊಳಗೆ ಬರಲಿಲ್ಲ, ಹುಣಸೆಮರದ ಕೆಳಗೆ ನಿಂತರು. ಅಧಿಕಾರಿ ಪತ್ರ ಓದಿ ಕೇಳಿದರು: "ಒಪ್ಪಿ ಬರೆಸಿದ್ದೀಯೇನಮ್ಮಾ?"

ಚನ್ನಬಸಪ್ಪ ಕೆಮ್ಮಿದ. ಅಕ್ಕ ಸೆರಗು ಬಿಗಿಹಿಡಿದಳು.

"ಊಹೂಂ."

"ಏನು?"

"ಊಹೂಂ. ತೋಟ ನಂದು."

ಅಧಿಕಾರಿ ಪತ್ರವನ್ನು ಹಿಂದಕ್ಕೆ ತಳ್ಳಿದರು. ಚನ್ನಬಸಪ್ಪ ಹೊರಬಂದವನೇ ಕೂಗಾಡಿದ: "ಏನಪ್ಪಾ, ನನ್ನ ಮನೆ ಹೆಂಗಸಿಗೆ ಏನು ಹೇಳ್ಕೊಟ್ಟೆ?"

"ಒಂದಕ್ಷರ ಕಣಣ್ಣ," ಅಂದರು ದೇವೀರಪ್ಪನವರು. "ಮುಂದಿಂದು ಅವಳೇ ಕಲ್ತಳು."