ಹತ್ತಿ ತುಂಬಿದ ಡಬ್ಬಿ

ಗಲಗಲ... ಮೊನ್ನೆ ಬೆಳಿಗ್ಗೆ ನನ್ನ ಬಿಪಿ ಮಾತ್ರೆಯ ಡಬ್ಬಿ ಕೈಜಾರಿ ಬಿತ್ತು. ಪ್ಲಾಸ್ಟಿಕ್ಕಿನೊಳಗೆ ಮಾತ್ರೆಗಳು ಉರುಳುವ ಆ ಸದ್ದಿಗೆ ಈಗಲೂ ನನ್ನ ಕಣ್ಣು ಬಾಗಿಲ ಚಿಲಕದ ಕಡೆಗೇ ಓಡುತ್ತದೆ.

ಅಟ್ಟೂರಿನ ನಮ್ಮ ಮನೆಯ ಪಕ್ಕದಲ್ಲೇ ಅವಳಿದ್ದಳು, ನನ್ನ ಬ್ಲೌಸ್ ಹೊಲಿಯುತ್ತಿದ್ದ ಹುಡುಗಿ. ಮೂವತ್ತು ದಾಟಿದ್ದರೂ ನನಗೆ ಹುಡುಗಿಯೇ. ಗಂಡ ರಾಜಾನುಕುಂಟೆ ಕಡೆಯ ಹೊಲ ಮಾರಿದ ದುಡ್ಡಲ್ಲಿ ಲೇಔಟ್ ಮಾಡುತ್ತಿದ್ದವನು. ಬಸುರಿಯಾದಾಗ ಮಾಡಿಸಿದ ಟೆಸ್ಟ್‌ನಲ್ಲಿ ಅವಳಿಗೆ ಎಚ್‌ಐವಿ ಇದೆಯೆಂದು ಗೊತ್ತಾಯಿತು. ಮಗು ಉಳಿಯಲಿಲ್ಲ. ಅವನು ಟೆಸ್ಟ್ ಮಾಡಿಸಿಕೊಳ್ಳಲಿಲ್ಲ. ಮಾಡಿಸದೆಯೂ ಅವನಿಗೆ ಗೊತ್ತಿತ್ತು. ಸರ್ಕಾರಿ ಸೆಂಟರಿನಿಂದ ತಿಂಗಳಿಗೊಂದು ಮಾತ್ರೆ ಡಬ್ಬಿ ತರುತ್ತಿದ್ದಳು. ಅದರ ಸದ್ದು ಅತ್ತೆಯ ಕಿವಿಗೆ ಬೀಳದಿರಲೆಂದು ಒಳಗೆ ಹತ್ತಿ ತುಂಬುತ್ತಿದ್ದಳು.

ಎರಡು ವರ್ಷವಾದರೂ ರಕ್ತದಲ್ಲಿ ವೈರಸ್ ಇಳಿಯಲಿಲ್ಲ, ಏರಿತು. ಡಬ್ಬಿ ಮಾತ್ರ ತಿಂಗಳು ತಿಂಗಳು ಸರಿಯಾಗಿ ಖಾಲಿಯಾಗುತ್ತಿತ್ತು. ಡಾಕ್ಟರಿಗೂ ಅದು ಪಝಲ್.

ನಿಜ ಹೊರಬಿದ್ದದ್ದು ನನ್ನ ತೋಳಿನ ಅಳತೆ ತೆಗೆಯುವಾಗ. ಅವಳ ದವಡೆ ಊದಿ ಮಾತು ತೊದಲುತ್ತಿತ್ತು.

"ಮಾತ್ರೆ ಒಂದಿನ ಅವ್ರು ನುಂಗ್ತಾರೆ, ಒಂದಿನ ನಾನು. ಕೊಡಲ್ಲ ಅಂದಿದ್ಕೆ ಇದು, ಆಂಟಿ."

ಬಿಲ್ಡರ್ ಆದವನು ಸೆಂಟರಿನ ಆ ಕ್ಯೂನಲ್ಲಿ ನಿಲ್ಲುವುದುಂಟೇ? ನೀವೂ ಬನ್ನಿ ಎಂದು ಒಮ್ಮೆ ಕರೆದದ್ದಕ್ಕೆ ಅವಳ ಬೆರಳನ್ನು ಹೊಲಿಗೆ ಮೆಷಿನ್ನಿನ ಸೂಜಿಯ ಕೆಳಗಿಟ್ಟು ಚಕ್ರ ತಿರುಗಿಸಿದ್ದನಂತೆ. ಆ ಕೂಗು ಗೋಡೆಯಾಚೆಯಿಂದ ನನಗೂ ಕೇಳಿಸಿತ್ತು. ಇತರರ ಮನೆ ವಿಷಯಕ್ಕೆ ಹೋಗುವುದು ಬ್ಯಾಡ್ ಮ್ಯಾನರ್ಸ್ ಎಂದು ಕಾನ್ವೆಂಟಿನಲ್ಲಿ ಕಲಿತವಳು ನಾನು... ರೇಡಿಯೋದ ವಾಲ್ಯೂಮ್ ಹೆಚ್ಚಿಸಿದ್ದೆ.

ಮುಂದಿನ ಸಲ ಜೊತೆಗೆ ಹೋದೆ. ಎಲ್ಲ ಕೇಳಿ ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಅರ್ಧ ಔಷಧಿಗೆ ವೈರಸ್ ಸಾಯಲ್ಲಮ್ಮ. ಅದರಿಂದ ತಪ್ಪಿಸ್ಕೊಳ್ಳೋದು ಹೇಗೆ ಅಂತ ಕಲ್ತುಬಿಡುತ್ತೆ. ಈಗ ಬೇರೆ ಮಾತ್ರೆಗೆ ಬದಲಾಯಿಸ್ತೀವಿ. ಇದನ್ನೂ ಹಂಚ್ಕೊಂಡ್ರೆ, ಆಮೇಲೆ ನಿಂಗೆ ಕೊಡೋಕೆ ನನ್ ಹತ್ರ ಹೆಚ್ಚೇನೂ ಉಳಿಯಲ್ಲ."

ಗಂಡನನ್ನೂ ಕರೆದು ತಾ, ಅವನಿಗೂ ಫ್ರೀಯಾಗಿ ಕೊಡುತ್ತೇವೆ ಎಂದರು. ಪೊಲೀಸ್ ಕಂಪ್ಲೇಂಟಿನ ಮಾತನ್ನೂ ಎತ್ತಿದರು. ಅವಳು ಬೆರಳ ಗಾಯವನ್ನೇ ನೋಡುತ್ತ ಕುಳಿತಿದ್ದಳು.

ಹೊಸ ಡಬ್ಬಿ ನನ್ನ ಕೇಕ್ ಟಿನ್ನಿನೊಳಗೆ ಸೇರಿತು. ಸೆಂಟರಿನಲ್ಲಿ ಮಾತ್ರೆ ನಿಲ್ಲಿಸಿದ್ದಾರೆಂದು ಗಂಡನಿಗೆ ಹೇಳಿದ್ದಳಂತೆ. ದಿನಾ ಬೆಳಿಗ್ಗೆ ಎಂಟಕ್ಕೆ ಹುಕ್ಸು, ದಾರ ಎಂಬ ನೆಪದಲ್ಲಿ ಬರುತ್ತಿದ್ದಳು. ನುಂಗಿ, ಸ್ಕೂಲ್ ಹುಡುಗಿಯ ಹಾಗೆ ಬಾಯಿ ತೆರೆದು ತೋರಿಸುತ್ತಿದ್ದಳು. ಕೆಲವು ತಿಂಗಳಲ್ಲಿ ವೈರಸ್ ಇಳಿಯಿತು. ರಿಪೋರ್ಟ್ ಬಂದ ದಿನ ಡಬ್ಬಿಯಿಂದ ಹತ್ತಿ ಕಿತ್ತೆಸೆದಳು.

"ನಿಮ್ಮನೇಲಾದ್ರೂ ಇದು ಸದ್ದು ಮಾಡ್ಲಿ ಬಿಡಿ, ಆಂಟಿ."

ಅವಳ ನಗು ನಾನು ನೋಡಿದ್ದು ಅಂದೇ.

ಒಂದು ಭಾನುವಾರ ನಾನು ಡಬ್ಬಿ ತೆಗೆಯುತ್ತಿದ್ದಾಗ ಚಿಲಕ ಕಿತ್ತುಬಂತು. ಅವಳ ಜುಟ್ಟು ಹಿಡಿದು ಎಳೆದುಕೊಂಡೇ ಗಂಡ ಒಳಗೆ ಬಂದ. ಇನ್ನೊಂದು ಕೈಯಲ್ಲಿ ಕಾರಿನ ಜ್ಯಾಕ್ ರಾಡು. ನನ್ನ ಶೋಕೇಸಿನ ಗಾಜು ಮೊದಲು ಪುಡಿಯಾಯಿತು.

"ನಮ್ಮನೆ ಎಂಗ್ಸು ಇಲ್ಲೇನ್ ಮಡಗವ್ಳೆ? ಮರ್ವಾದೆಯಾಗ್ ಕೇಳ್ತಾ ಇವ್ನಿ, ಕೊಡಿ."

ಡಬ್ಬಿ ನನ್ನ ಸೆರಗಿನಡಿಯಲ್ಲಿತ್ತು. "ನಥಿಂಗ್ ಹಿಯರ್" ಎಂದೆ. ಒಂದು ಹೆಜ್ಜೆ ಹಿಂದೆ ಸರಿದೆ. ಗಲಗಲ...

ರಾಡು ಅವಳ ಮುಂಗೈ ಮೇಲೆ ಬಿತ್ತು. ಮೂಳೆಯ ಸದ್ದು, ಒಣಕಡ್ಡಿ ಮುರಿದ ಹಾಗೆ. "ಕೊಡ್ಬೇಡಿ ಆಂಟಿ" ಎಂದಳು. ಅವನು ಮತ್ತೆ ರಾಡೆತ್ತಿದ. ಕೊಟ್ಟುಬಿಟ್ಟೆ.

ಪೊಲೀಸರು ಬರುವಷ್ಟರಲ್ಲಿ ಪಕ್ಕದ ಮನೆಗೆ ಬೀಗ ಬಿದ್ದಿತ್ತು. ಸೆಂಟರಿನಲ್ಲಿ ಕೇಳಿದೆ; ಪೇಷೆಂಟ್ ವಿಷಯ ಹೇಳುವಂತಿಲ್ಲ ಎಂದರು. ಇದ್ದಾಳೋ ಇಲ್ಲವೋ... ಮೊನ್ನೆ ಬಿದ್ದ ಮಾತ್ರೆಗಳನ್ನು ಆಯ್ದು, ಡಬ್ಬಿಗೆ ಹತ್ತಿ ತುಂಬಿಟ್ಟೆ.

ಕೊನೆಯ ಸಲ ಅವಳನ್ನು ಕಂಡದ್ದು ಆ ಭಾನುವಾರವೇ, ನಮ್ಮ ಗೇಟಿನೆದುರು, ಅವನ ಕಾರಿನೊಳಗೆ. ಮುರಿದ ಕೈಯನ್ನು ಎದೆಗೆ ಒತ್ತಿಕೊಂಡಿದ್ದಳು. ನನ್ನ ಮುಖ ನೋಡಲಿಲ್ಲ. ಗ್ರಿಲ್ ಹಿಡಿದು ನಿಂತ ನನ್ನ ಖಾಲಿ ಕೈಗಳನ್ನೇ ನೋಡುತ್ತಿದ್ದಳು, ಕಾರು ತಿರುಗುವವರೆಗೂ.