ಉಮ್ಮರಾಕ ಮತ್ತು ಶರಣಾದ ಸಬ್‌ಮರೀನ್

ಉಮ್ಮರಾಕನಿಗೆ ಸಿಟ್ಟು ಬಂದರೆ ಮೊದಲು ಕೆಂಪಾಗುತ್ತಿದ್ದದ್ದು ಕಿವಿ. ಬಿಳಿ ಟೊಪ್ಪಿಯ ಕೆಳಗೆ ಎರಡು ಕಿವಿಗಳೂ ಕೆಂಡದ ಹಾಗಾದವು ಎಂದರೆ ಎದುರಿಗಿದ್ದವರು ಬಾಯಿ ಮುಚ್ಚಿಕೊಳ್ಳುವುದೇ ಕ್ಷೇಮ. ಬರ್ ದುಬೈಯ ನಮ್ಮ ಕಟ್ಟಡದಲ್ಲಿ ಆ ಕಿವಿಗಳನ್ನು ಕಾಣದವರು ಕಡಿಮೆ.

ಅವರು ಉಳ್ಳಾಲದ ಬ್ಯಾರಿ. ಊರಲ್ಲಿ ಮೀನಿಗೆ ಮಂಜುಗಡ್ಡೆ ಮಾಡುವ ಕಾರ್ಖಾನೆ ನಡೆಸುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಅದನ್ನು ಮಾರಿ, ಮಗ ನಜೀರನ ವೀಸಾದಲ್ಲಿ ದುಬೈಗೆ ಬಂದಿದ್ದರು. "ಐಸ್ ಮಾರಿದ ಮನುಷ್ಯ, ತಲೆ ಮಾತ್ರ ಯಾವಾಗಲೂ ಬಿಸಿ" ಎಂದು ನಜೀರ್ ನಗುತ್ತಿದ್ದ. ಉಡುಪಿ ಕಡೆಯ ನಾನು ಎದುರು ಬಾಗಿಲಿನವಳು. ಅಲ್ ಕೂಜ್‌ನ ಗೋದಾಮೊಂದರಲ್ಲಿ ಲೆಕ್ಕಪತ್ರದ ಕೆಲಸ. ನಮ್ಮಿಬ್ಬರ ಮಾತು ತುಳುವಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತಿತ್ತು. ಜಗಳವಾದರೆ ಪೂರ್ತಿ ತುಳು.

ಒಮ್ಮೆ ಕಟ್ಟಡದವರು ಲಿಫ್ಟಿನ ಪಕ್ಕ ಬೋರ್ಡು ಹಾಕಿದರು: ಡೆಲಿವರಿಯವರು, ಮನೆಗೆಲಸದವರು ಹಿಂದಿನ ಸಾಮಾನು ಲಿಫ್ಟನ್ನೇ ಬಳಸಬೇಕು. ಉಮ್ಮರಾಕ ನಿಂತು ಓದಿದರು. "ಅವರೆಂತ ನೀರುಳ್ಳಿ ಮೂಟೆಯಾ?" ಎಂದು ಗುಡುಗಿದ್ದು ಮೂರನೇ ಮಹಡಿಗೆ ಕೇಳಿಸಿತು. ಮರುದಿನದಿಂದ ತಾವೂ ಸಾಮಾನು ಲಿಫ್ಟಿನಲ್ಲೇ ಓಡಾಡಿದರು. ಸೊಸೆ ಎಷ್ಟು ಹೇಳಿದರೂ ಬಿಡಲಿಲ್ಲ.

ಆ ಸಿಟ್ಟಿನ ಬೇರು ಎಲ್ಲಿತ್ತೆಂದು ನನಗೆ ಗೊತ್ತಾದದ್ದು ಒಂದು ಚಳಿಗಾಲದ ಸಂಜೆ. ಕಡಲ ನೀರು ಊರೊಳಗೆ ಬರುವ ಖಾಡಿಯ ದಡದಲ್ಲಿ, ದೋಣಿ ಹತ್ತುವ ಕಟ್ಟೆಯ ಮೇಲೆ ಕುಳಿತಿದ್ದೆವು. ಅವರು ತಾವಾಗಿಯೇ ತಂದೆಯ ಮಾತು ತೆಗೆದರು.

"ಬಾಪ ಇಂಗ್ಲಿಷರ ಹಡಗಿನಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕುವವ. ಯುದ್ಧದ ಟೈಮಲ್ಲಿ ಜರ್ಮನಿಯವರ ಸಬ್‌ಮರೀನ್ ಆ ಹಡಗನ್ನು ಹೊಡೆಯಿತು. ಬಾಪ ಗಾಳಿಗೆ ಅಂತ ಮೇಲೆ ಬಂದಿದ್ದ, ಉಳಿದ. ಕೆಳಗೆ ಇದ್ದವರೆಲ್ಲ ನಮ್ಮ ಕಡಲ ಬದಿಯವರು. ಒಬ್ಬನೂ ಮೇಲೆ ಬರಲಿಲ್ಲ."

ಬದುಕಿದವರನ್ನು ಇನ್ನೊಂದು ಹಡಗು ಎತ್ತಿಕೊಂಡು ಇಂಗ್ಲೆಂಡಿನ ಒಂದು ಬಂದರು ಪಟ್ಟಣದಲ್ಲಿ ಇಳಿಸಿತಂತೆ. ಯುದ್ಧ ಮುಗಿಯುವವರೆಗೂ ಅವರ ತಂದೆ ಅಲ್ಲಿಯೇ ಇದ್ದರು. ಜರ್ಮನಿ ಸೋತ ಮೇಲೆ, ಶರಣಾದ ಸಬ್‌ಮರೀನೊಂದನ್ನು ಊರೂರಿನ ಬಂದರಿಗೆ ಕೊಂಡೊಯ್ದು ಜನರಿಗೆ ತೋರಿಸುತ್ತಿದ್ದರು. ಅದು ಆ ಪಟ್ಟಣಕ್ಕೂ ಬಂತು. ಬ್ಯಾಂಡು, ಬಾವುಟ, ಶಾಲೆಯ ಮಕ್ಕಳು. ಒಳಗೆ ಹೋಗಿ ನೋಡಲು ಟಿಕೆಟ್. ಅದರ ಹಣ ಸತ್ತ ನಾವಿಕರ ಮನೆಯವರಿಗೆ.

"ಬಾಪನೂ ಟಿಕೆಟ್ ತೆಗೆದು ಸಾಲಲ್ಲಿ ನಿಂತ. ಏಣಿಯ ಹತ್ತಿರ ಮುಟ್ಟುವಾಗ ಪೊಲೀಸಿನವ, 'ನೀನು ಆ ಬದಿಗೆ ನಿಲ್ಲು, ಇವರದ್ದೆಲ್ಲ ಆಗಲಿ' ಅಂದ. ಬಾಪ ನಿಂತ. ಮಧ್ಯಾಹ್ನ ಆಯ್ತು, ಸಂಜೆ ಆಯ್ತು. ಆಮೇಲೆ ಗೇಟು ಹಾಕಿ, ನಾಳೆ ಬಾ ಅಂದರು. ನಾಳೆ ಹೋದರೆ ಎಲ್ಲಿ ಉಂಟು? ಮುಂದಿನ ಊರಿಗೆ ಹೋಗಿಯಾಗಿತ್ತು."

ದೋಣಿಯೊಂದು ಬಂದು ಕಟ್ಟೆಗೆ ತಾಗಿತು, ಉಮ್ಮರಾಕ ಏಳಲಿಲ್ಲ.

"ಬಾಪನಿಗೆ ಅದರ ಬಾಯಿ ನೋಡಬೇಕಿತ್ತು, ಮಾರಾಯ್ತಿ. ಟಾರ್ಪೆಡೊ ಹೊರಗೆ ಬರುವ ಬಾಯಿ. ನೋಡಿ ಎಂತ ಮಾಡ್ತಿದ್ದ ಅಂತ ಅವನಿಗೂ ಗೊತ್ತಿರಲಿಲ್ಲ. ಆದರೆ ನೋಡಬೇಕಿತ್ತು."

ಇದಾಗಿ ಸ್ವಲ್ಪ ಕಾಲದ ನಂತರ ದುಬೈಯ ದೊಡ್ಡ ಮಾಲೊಂದರಲ್ಲಿ ಒಂದು ಪ್ರದರ್ಶನ ಬಂತು. ಅಂಥದೇ ಶರಣಾದ ಸಬ್‌ಮರೀನಿನ ಮಾದರಿ, ನಿಜದಷ್ಟೇ ದೊಡ್ಡದು, ಒಳಗೆ ನಡೆದು ಹೋಗಬಹುದು. ಅದನ್ನು ನಡೆಸುತ್ತಿದ್ದ ಕಂಪನಿಯಲ್ಲೇ ನಜೀರನ ಕೆಲಸ. ಅವನೇ ಪಾಸು ತಂದುಕೊಟ್ಟ. ಶುಕ್ರವಾರ ನಮಾಜು ಮುಗಿಸಿ ಬಂದ ಉಮ್ಮರಾಕ ಮದುವೆಗೆ ಹೊರಟವರ ಹಾಗೆ ಇಸ್ತ್ರಿಯ ಅಂಗಿ ಹಾಕಿಕೊಂಡರು. ಮೊಮ್ಮಗಳು ಸಫಾಳನ್ನು ಕರೆದುಕೊಂಡು ನಾವಿಬ್ಬರೂ ಹೋದೆವು.

ಬಾಗಿಲಲ್ಲಿ ಹಳೆಯ ಫೋಟೋಗಳು: ಸಬ್‌ಮರೀನ್ ಮೇಲೆ ಟೊಪ್ಪಿ ಬೀಸುವ ಗಂಡಸರು, ನಗುವ ಹೆಂಗಸರು. ಉಮ್ಮರಾಕ ಪ್ರತಿಯೊಂದರ ಎದುರೂ ಮೂಗು ತಾಗುವಷ್ಟು ಹತ್ತಿರ ನಿಂತರು. ಕಲ್ಲಿದ್ದಲು ಹಾಕುವವರ ಒಂದು ಮುಖವೂ ಯಾವುದರಲ್ಲೂ ಇರಲಿಲ್ಲ. ಒಳಗೆ ಕೆಂಪು ದೀಪ, ಹೊಗೆ, ಸೈರನ್. ನಡುಭಾಗದಲ್ಲಿ ಒಂದು ಪರದೆ. ಮಕ್ಕಳು ಗುಂಡಿ ಒತ್ತಿದರೆ ಪರದೆಯ ಮೇಲಿನ ಸರಕು ಹಡಗು ಸ್ಫೋಟವಾಗಿ ಮುಳುಗುತ್ತಿತ್ತು. ಮುಳುಗಿದ್ದಕ್ಕೆ ಅಂಕ. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು, ಅಪ್ಪಂದಿರು ವಿಡಿಯೊ ಮಾಡುತ್ತಿದ್ದರು. ಸಫಾಳೂ ಸಾಲಿನಲ್ಲಿ ನಿಂತಳು.

ಉಮ್ಮರಾಕ ಹೋಗಿ ಪರದೆಗೆ ಬೆನ್ನು ಕೊಟ್ಟು ನಿಂತರು.

"ಬಂದ್ ಕರೋ!" ಎಂದರು. "ಆ ಹಡಗಿನ ಒಳಗೆ, ಕೆಳಗೆ ಜನ ಇದ್ದಾರೆ. ಬಂದ್ ಕರೋ!"

ಯಾರೋ ನಕ್ಕರು. ಯಾರೋ ಅಂಕಲ್ ಸ್ವಲ್ಪ ಸರಿಯಿರಿ ಎಂದರು. ಅವರು ಸರಿಯಲಿಲ್ಲ. ಕೊನೆಗೆ ಇಬ್ಬರು ಸೆಕ್ಯುರಿಟಿಯವರು ಬಂದು ತೋಳು ಹಿಡಿದು ಹೊರಗೆ ತಂದರು. ಸಫಾ ಅಳುತ್ತಿದ್ದಳು. ನಾನು ಅವಳನ್ನು ಎತ್ತಿಕೊಂಡು ಅವರ ಹಿಂದೆಯೇ ಓಡಿದೆ. ಆ ನಗುವಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಮರುದಿನ ನಜೀರನ ಮ್ಯಾನೇಜರು ಅವನನ್ನು ಒಳಗೆ ಕರೆದರು. ತಂದೆ ಬಂದು ಕ್ಷಮೆ ಕೇಳಬೇಕು, ಇಲ್ಲವಾದರೆ ವಿಷಯ ಮೇಲಿನವರಿಗೆ ಹೋಗುತ್ತದೆ. ನಜೀರನ ಕೆಲಸ ಹೋದರೆ ಮನೆಮಂದಿಯೆಲ್ಲರ ವೀಸಾ ಹೋಗುತ್ತದೆ. ಸಂಜೆ ಅಷ್ಟು ದೊಡ್ಡ ಆಳು ನಜೀರ್ ತಂದೆಯ ಎದುರು ಚಿಕ್ಕ ಮಗುವಿನ ಹಾಗೆ ಅತ್ತ. "ಬಾಪ, ಸಫಾಳ ಶಾಲೆಯ ವರ್ಷ ನಡುವಲ್ಲಿ ಉಂಟು. ಒಂದು ಸಾರಿ ಹೇಳಿ. ಖಲಾಸ್."

ಉಮ್ಮರಾಕ ಒಪ್ಪಿದರು. ಆ ದಿನ ಜೊತೆಗಿದ್ದವಳೆಂದು ನನ್ನನ್ನೂ ಕರೆದರು. ಮ್ಯಾನೇಜರು ಚಹಾ ಕೊಟ್ಟು, "ಅಂಕಲ್, ವೋ ತೋ ಸಿರ್ಫ್ ಗೇಮ್ ಹೈ" ಎಂದರು. ಉಮ್ಮರಾಕ ಎದ್ದು ನಿಂತು "ಸಾರಿ" ಎಂದರು. ಆ ಒಂದು ಶಬ್ದ ಅವರ ಬಾಯಿಂದ ಬಂದಾಗ ನಾನು ನೆಲ ನೋಡಿದೆ. ಆಮೇಲೆ ಅವರು ಒಂದೇ ಒಂದು ಕೇಳಿದರು: ಅವತ್ತು ಕೊನೆಯ ತನಕ ನೋಡಲಾಗಲಿಲ್ಲ, ಇನ್ನೊಮ್ಮೆ ಒಳಗೆ ಬಿಡುತ್ತೀರಾ? ಮ್ಯಾನೇಜರಿಗೆ ಎಷ್ಟು ಸಮಾಧಾನವಾಯಿತೆಂದರೆ ಪ್ರದರ್ಶನದ ಬಾಗಿಲಿನವರೆಗೂ ತಾವೇ ಬಂದು ಬಿಟ್ಟುಹೋದರು.

ಈ ಸಲ ಪರದೆಯನ್ನು ಕಣ್ಣೆತ್ತಿಯೂ ನೋಡದೆ ಉಮ್ಮರಾಕ ತುದಿಯವರೆಗೆ ನಡೆದರು. ಅಲ್ಲಿ ದುಂಡನೆಯ ಮುಚ್ಚಳಗಳ ಟಾರ್ಪೆಡೊ ಕೊಳವೆಗಳಿದ್ದವು. ಒಂದರ ಮುಚ್ಚಳ ತೆರೆದಿತ್ತು. ಅವರು ಅಂಗೈ ಇಟ್ಟರು, ಬೆರಳಿನಿಂದ ಕುಟ್ಟಿದರು.

"ಪ್ಲೈವುಡ್! ಇದು ಬರೀ ಪ್ಲೈವುಡ್, ಮಾರಾಯ್ತಿ!"

ಅವರ ಮುಖ ನೋಡಲಾಗಲಿಲ್ಲ ನನಗೆ.  ಅವರು ಬಗ್ಗಿ, ಆ ಕೊಳವೆಯೊಳಗೆ ಮುಖವಿಟ್ಟು, ಕಡಲಲ್ಲಿ ದೂರದ ದೋಣಿಯನ್ನು ಕರೆಯುವವರ ಹಾಗೆ ಕೂಗಿದರು. "ಪಕ್ರಬ್ಬಾ! ಸಣ್ಣ ಮಮ್ಮದೇ! ಕೊಗ್ಗ ಮೆಂಡನ್! ಜುಜೇ!" ಅವರ ತಂದೆಯ ಜೊತೆ ಬಾಯ್ಲರಿನ ಬಳಿ ಇದ್ದವರು. ಇಡೀ ಮಾದರಿ ಗುಂಯ್‌ಗುಟ್ಟಿತು. ಹಿಂದೆ ಚಪ್ಪಾಳೆ ನಿಂತಿತು. ಈಗ ಯಾರೂ ನಗಲಿಲ್ಲ. ಮತ್ತದೇ ಸೆಕ್ಯುರಿಟಿಯವರು ಬಂದರು.

ವಿಷಯ ಮೇಲಿನವರಿಗೆ ಹೋಯಿತು. ನಜೀರನನ್ನು ತೆಗೆಯಲಿಲ್ಲ, ತಂದೆಯನ್ನು ಊರಿಗೆ ಕಳಿಸುತ್ತೇನೆಂದು ಅವನೇ ಮಾತು ಕೊಟ್ಟುಬಂದಿದ್ದ. ಯಾರೂ ಕೇಳದೆ ಕೊಟ್ಟ ಮಾತು! ನಾನು ಅವನ ಮುಖಕ್ಕೇ ಹೇಳಿದೆ, ಇದು ಸರಿಯಲ್ಲ ಎಂದು. "ನಿಮಗೆ ಹೇಳಲಿಕ್ಕೆ ಸುಲಭ ಅಕ್ಕ" ಎಂದ. ನಾವು ಬಹಳ ಕಾಲ ಮಾತು ಬಿಟ್ಟೆವು. ಉಮ್ಮರಾಕ ಮಾತ್ರ ಅವನ ಮೇಲೆ ಒಂದು ದಿನವೂ ರೇಗಲಿಲ್ಲ. "ಸಾರಿ ಹೇಳಿದ್ದು ಮಗನಿಗೆ ಬೇಕಾಗಿ. ಕೂಗಿದ್ದು ಬಾಪನಿಗೆ ಬೇಕಾಗಿ. ನನಗೆ ಬೇಕಾಗಿ ನಾನು ಎಂತ ಮಾಡಿದ್ದು ಹೇಳು?" ಎಂದು ನನ್ನನ್ನು ಕೇಳಿದರು. 

ಊರಿಗೆ ಹೋಗಿ ಎರಡನೇ ಮಳೆಗಾಲಕ್ಕೆ ಅವರು ತೀರಿಕೊಂಡರು, ತಂಗಿಯ ಮನೆಯಲ್ಲಿ. ನಾನು ಕೊನೆಯ ಸಲ ಕಂಡದ್ದು ವಿಮಾನ ನಿಲ್ದಾಣದಲ್ಲಿ. ಪಾಸ್‌ಪೋರ್ಟ್ ಕೈಯಲ್ಲಿತ್ತು, ನಜೀರ್ ಗಡಿಯಾರ ನೋಡುತ್ತಿದ್ದ. ಅವರು ಕೂಗಿದ ಹೆಸರುಗಳ ಸುದ್ದಿಯನ್ನು ಮನೆಯಲ್ಲಿ ಕೇಳಿಸಿಕೊಂಡಿದ್ದ ಸಫಾ ಆಗ ಅವರ ಅಂಗಿ ಜಗ್ಗಿ ಕೇಳಿದಳು: "ಗ್ರ್ಯಾಂಡ್‌ಪಾ, ಹೂ ವರ್ ದೇ? ದಿ ನೇಮ್ಸ್?"

ಉಮ್ಮರಾಕ ಮಂಡಿ ಹಿಡಿದುಕೊಂಡು ಅವಳೆದುರು ನೆಲದಲ್ಲೇ ಕುಳಿತರು. "ಪಕ್ರಬ್ಬ ಅಂದರೆ ನಮ್ಮ ಹಿಂದಿನ ಮನೆಯವ. ಈಜುವುದರಲ್ಲಿ ಅವನನ್ನು ಸೋಲಿಸುವವರಿಲ್ಲ..."

"ಬಾಪ, ಹೊತ್ತಾಯ್ತು. ಯಲ್ಲಾ" ಎಂದ ನಜೀರ್.

"ಆಗಲಿ!" ಎಂದು ಉಮ್ಮರಾಕ ಗುಡುಗಿದರು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. "ವಿಮಾನ ನಿಲ್ಲಲಿ. ಹುಡುಗಿ ಕೇಳ್ತಾ ಇದ್ದಾಳೆ."