ಸೆಗಯಾದ ಒಂದೇ ಫೋನು

ಗೆಳತಿಯರೇ, ರಜೆಯಲ್ಲೂ ಕಾಗದ ಬರೆದು ನಿಮ್ಮ ತಲೆ ತಿನ್ನುತ್ತಿದ್ದೇನೆ, ಸಾರಿ. ಇಲ್ಲಿ ಬಹರೈನ್‌ನಲ್ಲಿ ಕನ್ನಡ ಸಂಘದ ಅಧ್ಯಕ್ಷ ಸ್ಥಾನಕ್ಕೆ ನನ್ನ ಮಾವ ನಿಂತಿದ್ದಾರೆ, ಎದುರಿಗೆ ಶೆಟ್ಟರು. ಅಮೆರಿಕದಲ್ಲಿ ಪ್ರೈಮರಿ ಚುನಾವಣೆಗೆ ಮೊದಲು ಫೋನಿನಲ್ಲೇ ಮತದಾರರ ಒಲವು ಕೇಳುತ್ತಾರೆಂದು ಮ್ಯಾಗಜಿನ್‌ನಲ್ಲಿ ಓದಿದ್ದೆನಲ್ಲ, ಇವತ್ತು ನಾನೂ ಕೇಳಿದೆ. ಇಲ್ಲಿನ ಸೆಗಯಾ ಬಡಾವಣೆಯಲ್ಲಿ ಸಂಘದವರು ಇರುವ ಬಿಲ್ಡಿಂಗಿನಲ್ಲಿ ಎಲ್ಲರಿಗೂ ಒಂದೇ ಫೋನು. ಒಬ್ಬೊಬ್ಬರನ್ನೇ ಫೋನಿಗೆ ಕರೆಸಿ ಕೇಳಿದರೆ, ಎಲ್ಲರೂ "ಶೆಟ್ಟರಿಗೇ" ಎಂದರು.

ಮಾವ ಪೆಚ್ಚಾಗಿ, ನಾಮಪತ್ರ ವಾಪಸ್ ಪಡೆಯಲು ಚಪ್ಪಲಿ ಮೆಟ್ಟಿದರು. ನನಗೆ ಅಳುವೇ ಬಂತು.

ಅತ್ತೆ ಮಾತ್ರ ನಕ್ಕರು. "ಆ ಫೋನು ಇರುವುದೇ ಶೆಟ್ಟರ ಮನೆಯ ಹಾಲ್‌ನಲ್ಲಿ ಮಾರಾಯ್ತಿ! ಅವರ ಸೋಫಾದಲ್ಲಿ ಕೂತು, ಅವರ ಚಾ ಕುಡಿದು ಮತ್ತೆ ಯಾರ ಹೆಸರು ಹೇಳ್ಬೇಕು?"

ಮಾವ ಚಪ್ಪಲಿ ಬಿಚ್ಚಿದರು. ಅಷ್ಟರಲ್ಲಿ ಫೋನ್ ಬಂತು, ಶೆಟ್ಟರ ಹೆಂಡತಿಯದು. ದನಿ ತೀರಾ ಸಣ್ಣಗಿತ್ತು. "ಮಗಾ, ನನ್ನನ್ನು ನೀನು ಕೇಳಲೇ ಇಲ್ಲ. ನನ್ನ ವೋಟು ನಿನ್ನ ಮಾವನಿಗೆ. ನಮ್ಮ ಇವರು ಗೆದ್ರೆ ರಜೆಯ ಶುಕ್ರವಾರವೂ ಮನೆಯಲ್ಲಿ ಇರ್ಲಿಕ್ಕಿಲ್ಲ. ಯಾರಿಗೂ ಹೇಳ್ಬೇಡ, ಆಯ್ತಾ?"

"ಯಾರದ್ದು?" ಎಂದರು ಮಾವ. "ರಾಂಗ್ ನಂಬರ್" ಎಂದೆ. ಈಗ ನಾನು ಬರೆದಿಟ್ಟ ಪಟ್ಟಿಯಲ್ಲಿ ಮಾವನಿಗೆ ಒಂದೂ ವೋಟಿಲ್ಲ. ಹೇಳಿಬಿಡಲೇ, ಬೇಡವೇ? ಬೇಗ ಉತ್ತರ ಬರೆಯಿರಿ.